ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸಿಂಗ್ ಇನ್‌ಚಾರ್ಜ್: ದಿನಕ್ಕೆ ಹದಿನಾಲ್ಕು ಗಂಟೆಯ ಕೆಲಸವನ್ನು ನೀವು ಹೇಗೆ ಇಳಿಸಿದಿರಿ?

ಕೇಳಿದವರು: ದಾವಣಗೆರೆಯ ಒಬ್ಬ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಹದಿನೈದು ವರ್ಷವಾಯಿತು. ಮೊದಲು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿದ್ದೆ. ನಾಲ್ಕು ವರ್ಷದಿಂದ ಊರಂಚಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸಿಂಗ್ ಇನ್‌ಚಾರ್ಜ್ ಆಗಿದ್ದೇನೆ. 42 ಹಾಸಿಗೆಗಳಿವೆ, ಈಗ 38 ಜನ ಇದ್ದಾರೆ. ಅವರಲ್ಲಿ 14 ಮಂದಿ ತಾವಾಗಿ ಮಗ್ಗುಲು ಬದಲಿಸಲಾರರು. ಐವರಿಗೆ ಮೂಗಿನ ಮೂಲಕ ಆಹಾರ ಕೊಡುವ ರೈಲ್ಸ್ ಟ್ಯೂಬ್, ಒಂಬತ್ತು ಜನರಿಗೆ ಮೂತ್ರದ ಕ್ಯಾತಿಟರ್.

ಹಗಲು ಇಬ್ಬರು ನರ್ಸ್, ನಾಲ್ವರು ಆಯಾ. ರಾತ್ರಿ ಒಬ್ಬ ನರ್ಸ್, ಇಬ್ಬರು ಆಯಾ. ಎಲ್ಲರಿಗೂ ಹನ್ನೆರಡು ಗಂಟೆಯ ಪಾಳಿ. ನನ್ನನ್ನು ಬಿಟ್ಟು ಆರು ಜನ ನರ್ಸ್ ಇರಬೇಕಿತ್ತು. ಒಬ್ಬಳು ಬೆಂಗಳೂರಿಗೆ ಹೋದಳು, ಇನ್ನೊಬ್ಬಳು ಜರ್ಮನ್ ಭಾಷೆ ಕಲಿಯಲು ಬಿಟ್ಟಳು. ನಾಲ್ಕು ತಿಂಗಳಾದರೂ ಆ ಜಾಗ ತುಂಬಿಲ್ಲ. ಬೆಳಿಗ್ಗೆ ಏಳಕ್ಕೆ ಬಂದರೆ ನಾನು ಹೊರಡುವುದು ರಾತ್ರಿ ಎಂಟೂವರೆ, ಒಂಬತ್ತಕ್ಕೆ. ಭಾನುವಾರವೂ ಅರ್ಧ ದಿನ ಹೋಗುತ್ತೇನೆ. ಮನೆಗೆ ಬಂದ ಮೇಲೂ ಮೊಬೈಲ್ ಸುಮ್ಮನಿರುವುದಿಲ್ಲ. ಡ್ಯೂಟಿ ಚಾರ್ಟ್, ಸ್ಟಾಕ್ ಪುಸ್ತಕ, ಹಿರಿಯರ ಮನೆಯವರ ದೂರುಗಳು ಎಲ್ಲವನ್ನೂ ರಾತ್ರಿ ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತೇನೆ. ಕಳೆದ ತಿಂಗಳು ಮೂವರಿಗೆ ಬೆಡ್ ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಒತ್ತಡದಿಂದಾಗುವ ಹುಣ್ಣು, ಆಯಿತು. ಆಡಳಿತದವರು ನಿಮ್ಮ ಮೇಲ್ವಿಚಾರಣೆ ಸಾಲದು ಎಂದರು. ನಿಜವಾಗಿಯೂ ನನ್ನಲ್ಲೇ ಕೊರತೆ ಇದೆಯೇ? ಈ ಹುದ್ದೆಯಲ್ಲಿದ್ದವರು ನಿಮ್ಮ ಅನುಭವ ಹೇಳಿ.

ಉತ್ತರ: ಚಿತ್ರದುರ್ಗ, ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್

ತಂಗಿ, ನಿಮ್ಮ ಪತ್ರ ಓದಿ ನಾನು ಮೊದಲು ಮಾಡಿದ್ದು ಲೆಕ್ಕ. ನೀವೂ ಒಂದು ಹಾಳೆ ತೆಗೆದುಕೊಂಡು ಕೂತುಕೊಳ್ಳಿ, ಒಟ್ಟಿಗೆ ಮಾಡೋಣ.

ಹಗಲು ಇಬ್ಬರು, ರಾತ್ರಿ ಒಬ್ಬರು, ತಲಾ ಹನ್ನೆರಡು ಗಂಟೆ. ಅಂದರೆ ದಿನಕ್ಕೆ 36 ನರ್ಸಿಂಗ್ ಗಂಟೆ, ವಾರಕ್ಕೆ 252. ಒಬ್ಬರು ವಾರಕ್ಕೆ 48 ಗಂಟೆ ದುಡಿಯಬಹುದು ಎಂದಿಟ್ಟುಕೊಂಡರೆ ಉಳಿದ ನಾಲ್ವರಿಂದ 192 ಗಂಟೆ ಬರುತ್ತದೆ. 60 ಗಂಟೆ ಕಡಿಮೆ. ಆದರೂ ಒಂದು ದಿನವೂ ಪಾಳಿ ಖಾಲಿ ಬಿದ್ದಿಲ್ಲ, ಅಲ್ಲವೇ? ಆ 60 ಗಂಟೆ ಎಲ್ಲಿಂದ ಬಂತು? ನೀವು ಹೇಳಿದ ಸಮಯ ಕೂಡಿಸಿದರೆ ನಿಮ್ಮ ವಾರ ಸುಮಾರು 88 ಗಂಟೆ ಆಗುತ್ತದೆ. ನಿಮ್ಮ ಪಾಲಿನ 48 ಕಳೆದರೆ 40. ಉಳಿದ 20 ಗಂಟೆಯನ್ನು ಆ ನಾಲ್ವರು ಹುಡುಗಿಯರು ಡಬಲ್ ಡ್ಯೂಟಿ ಮಾಡಿ ತುಂಬುತ್ತಿದ್ದಾರೆ. ಖಾಲಿ ಹುದ್ದೆಗಳು ಖಾಲಿಯಾಗಿಲ್ಲ, ತಂಗಿ. ಅವುಗಳಲ್ಲಿ ನೀವೇ ಕೂತಿದ್ದೀರಿ. ಹೀಗಿರುವಾಗ ಆಡಳಿತದವರಿಗೆ ಆ ಜಾಗ ಖಾಲಿ ಇರುವುದು ಹೇಗೆ ಕಾಣಬೇಕು?

ಈಗ ಬೆಡ್ ಸೋರ್ ವಿಷಯಕ್ಕೆ ಬರುತ್ತೇನೆ. ಅದೇ ನನ್ನ ಹೊಟ್ಟೆ ಉರಿಸಿದ್ದು. 14 ಜನರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹನ್ನೆರಡು ಗಂಟೆಯ ರಾತ್ರಿಗೆ ತಲಾ ಆರು ಸಲ, ಒಟ್ಟು 84 ಸಲ. ಡಯಾಪರ್ ನೋಡಿ, ಬೆನ್ನು ಒರೆಸಿ, ಕಾಲ ನಡುವೆ ದಿಂಬಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡಲು ಇಬ್ಬರು ಕೂಡಿದರೂ ಒಬ್ಬರಿಗೆ ಹತ್ತು ನಿಮಿಷ ಬೇಕು. 840 ನಿಮಿಷ, ಅಂದರೆ ಹದಿನಾಲ್ಕು ಗಂಟೆ. ನಿಮ್ಮ ರಾತ್ರಿ ಇರುವುದೇ ಹನ್ನೆರಡು ಗಂಟೆ! ಆ ಇಬ್ಬರು ಆಯಾಗಳು ನೀರು ಕುಡಿಯದೆ, ಶೌಚಕ್ಕೆ ಹೋಗದೆ, ಉಳಿದ 24 ಜನರ ಕಡೆ ತಿರುಗಿಯೂ ನೋಡದೆ ದುಡಿದರೂ ಆ ಕೆಲಸ ಮುಗಿಯುವುದಿಲ್ಲ. ನೀವು ರಾತ್ರಿಯಿಡೀ ಬಾಗಿಲಲ್ಲಿ ನಿಂತು ಕಾದರೂ ಮುಗಿಯುವುದಿಲ್ಲ. ಮೇಲ್ವಿಚಾರಣೆ ಎಂಬುದು ಇಲ್ಲದ ಕೈಗಳನ್ನು ಹುಟ್ಟಿಸುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ಕೊರತೆ ಇದೆಯೇ ಎಂದು ಇನ್ನೊಮ್ಮೆ ಕೇಳಬೇಡಿ.

ನನ್ನದೊಂದು ಘಟನೆ ಹೇಳಬೇಕು. ಇಂದಿಗೂ ನೆನೆದರೆ ಕೈ ತಣ್ಣಗಾಗುತ್ತದೆ. ಆಗ ನಾನು ಒಂದು ಖಾಸಗಿ ಸಂಸ್ಥೆಯಲ್ಲಿ ಇನ್‌ಚಾರ್ಜ್. ನಾಯಕನಹಟ್ಟಿ ತೇರಿನ ವಾರ. ಚಳ್ಳಕೆರೆ ಕಡೆಯ ಆಯಾಗಳೆಲ್ಲ ಊರಿಗೆ ಹೋಗಿದ್ದರು. ಹೋಗಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ, ವರ್ಷಕ್ಕೊಂದು ತೇರು. ಮೂರು ದಿನ ನಾನೇ ಎಲ್ಲ ಕಡೆ ಓಡಾಡಿದೆ. ಮೂರನೆಯ ದಿನ ಸಂಜೆ, ಡ್ಯೂಟಿಗೆ ಬಂದು ಹದಿಮೂರನೆಯ ಗಂಟೆಯಲ್ಲಿ, ಒಬ್ಬ ಅಜ್ಜನಿಗೆ ರಾತ್ರಿ ಊಟದ ಮೊದಲಿನ ಇನ್ಸುಲಿನ್ ಕೊಟ್ಟೆ. ಅದನ್ನು ಅರ್ಧ ಗಂಟೆ ಹಿಂದೆಯೇ ಇನ್ನೊಬ್ಬ ಸಿಸ್ಟರ್ ಕೊಟ್ಟಿದ್ದಳು, ಚಾರ್ಟಿನಲ್ಲಿ ಬರೆಯುವಷ್ಟರಲ್ಲಿ ಯಾರೋ ಕರೆದರೆಂದು ಓಡಿದ್ದಳು. ಅವಳನ್ನು ಒಂದು ಮಾತು ಕೇಳುವುದು ನನ್ನ ಪದ್ಧತಿ. ಅಂದು ಕೇಳಲಿಲ್ಲ, ತಲೆ ಓಡಲಿಲ್ಲ. ಅಜ್ಜನ ಅಂಗಿ ಬೆವರಿನಿಂದ ತೊಯ್ದಿರುವುದನ್ನು ಕಂಡವಳು ಕಸ ಗುಡಿಸುವ ಹೆಂಗಸು. ಸಕ್ಕರೆ 42ಕ್ಕೆ ಇಳಿದಿತ್ತು. ಡೆಕ್ಸ್‌ಟ್ರೋಸ್ ಏರಿಸಿದೆವು, ದೇವರು ದೊಡ್ಡವನು, ಅಜ್ಜ ಉಳಿದರು. ಅಲ್ಲಿಯವರೆಗೆ ಹೆಚ್ಚು ಹೊತ್ತು ದುಡಿಯುವುದನ್ನು ನಾನು ರೋಗಿಗಳಿಗೆ ಮಾಡುವ ಉಪಕಾರ ಎಂದುಕೊಂಡಿದ್ದೆ. ಅಂದು ರಾತ್ರಿ ಆ ಭಾವನೆ ಕಳಚಿಬಿತ್ತು.

ಮರುದಿನದಿಂದ ಒಂದು ಇನ್ನೂರು ಪುಟದ ನೋಟ್ ಪುಸ್ತಕ ಇಟ್ಟೆ. ಪ್ರತಿ ಅರ್ಧ ಗಂಟೆಗೆ ಏನು ಮಾಡುತ್ತಿದ್ದೇನೆ ಎಂದು ಒಂದೇ ಪದದಲ್ಲಿ ಬರೆದೆ. ಎರಡು ವಾರದ ನಂತರ ನೋಡಿದರೆ ಇನ್‌ಚಾರ್ಜ್ ಮಾಡಬೇಕಾದ ಕೆಲಸಕ್ಕೆ ನನ್ನ ದಿನದಲ್ಲಿ ಸಿಕ್ಕಿದ್ದು ಎರಡೂವರೆ ಗಂಟೆ. ಉಳಿದದ್ದು ನರ್ಸ್ ಕೆಲಸ, ಆಯಾ ಕೆಲಸ, ಔಷಧ ಅಂಗಡಿಗೆ ಹೋಗಿಬರುವ ಹುಡುಗನ ಕೆಲಸ. ಅದನ್ನೆಲ್ಲ ಒಂದೇ ಪುಟದಲ್ಲಿ ಬರೆದು ಆಡಳಿತದವರ ಮುಂದಿಟ್ಟೆ. ನೀವೇ ನೋಡಿಕೊಳ್ಳಲಿ ಎಂದು ತಾನೇ ನಿಮ್ಮನ್ನು ನೇಮಿಸಿದ್ದು ಎಂದರು. ನಾನು ವಾದ ಮಾಡಲಿಲ್ಲ. ಅದೇ ಪುಟವನ್ನು ಪತ್ರವಾಗಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆದೆ. ಪ್ರತಿ ಸೋಮವಾರ ಇನ್ನೊಂದು ಪುಟ: ಈ ವಾರ ಎಷ್ಟು ಪಾಳಿ ಖಾಲಿ, ಯಾರು ತುಂಬಿದರು, ಯಾವ ಕೆಲಸ ಬಿಟ್ಟುಹೋಯಿತು. ದೂರಿನ ಮಾತು ಒಂದೂ ಇಲ್ಲ, ಬರೀ ಅಂಕಿ. ಏಳನೆಯ ವಾರಕ್ಕೆ ಇಬ್ಬರು ಸಹಾಯಕ ನರ್ಸ್‌ಗಳು, ಅಂದರೆ ಎಎನ್‌ಎಂ ಬಂದರು. ಬಾಯಲ್ಲಿ ಹೇಳಿದ್ದನ್ನು ಮರೆಯಬಹುದು, ಸ್ವೀಕೃತಿ ಇರುವ ಪತ್ರವನ್ನು ಮರೆಯುವುದು ಕಷ್ಟ. ಮುಂದೆ ಯಾರಿಗಾದರೂ ತೊಂದರೆಯಾಗಿ ವಿಚಾರಣೆ ನಡೆದರೆ ಆ ಪತ್ರಗಳೇ ನಿಮ್ಮ ಬೆನ್ನಿಗೆ ನಿಲ್ಲುತ್ತವೆ.

ಜನ ಬರುವವರೆಗೆ ಕೆಲಸವನ್ನೇ ಇಳಿಸುವ ದಾರಿಗಳೂ ಇವೆ. 14 ಜನರೂ ಒಂದೇ ರೀತಿ ಇರುವುದಿಲ್ಲ. ಬೆಡ್ ಸೋರ್ ಆಗುವ ಅಪಾಯ ಅಳೆಯುವ ಬ್ರೇಡನ್ ಅಂಕ ಹಾಕಿ. 23ಕ್ಕೆ 18 ಅಥವಾ ಅದಕ್ಕಿಂತ ಕಡಿಮೆ ಬಂದವರು ಅಪಾಯದಲ್ಲಿರುವವರು, ಅಂಕ ಇಳಿದಷ್ಟೂ ಅಪಾಯ ಹೆಚ್ಚು. ಚರ್ಮ ಚೆನ್ನಾಗಿದ್ದು, ಒಳ್ಳೆಯ ಹೈ ಡೆನ್ಸಿಟಿ ಫೋಮ್ ಹಾಸಿಗೆ ಇರುವವರಿಗೆ ಮೂರು ಅಥವಾ ನಾಲ್ಕು ಗಂಟೆಗೊಮ್ಮೆ ತಿರುಗಿಸಿದರೆ ಸಾಕೇ ಎಂದು ವೈದ್ಯರನ್ನು ಕೇಳಿ, ಅವರ ಕೈಯಲ್ಲೇ ಬರೆಸಿಕೊಳ್ಳಿ. ಆರು ಜನರಿಗೆ ನಾಲ್ಕು ಗಂಟೆಯಾದರೆ ರಾತ್ರಿಯ 84 ಸಲ 66ಕ್ಕೆ ಇಳಿಯುತ್ತದೆ. ಹಾಗೆಯೇ ಮಾತ್ರೆಗಳು. ದಿನಕ್ಕೆ ನಾಲ್ಕು ಸುತ್ತು ಔಷಧ ಕೊಡುವುದರಲ್ಲೇ ಒಬ್ಬ ನರ್ಸಿನ ಅರ್ಧ ಪಾಳಿ ಕಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರ ಔಷಧ ಪಟ್ಟಿಯನ್ನು ವೈದ್ಯರ ಜತೆ ಕೂತು ನೋಡಿ. ಎಂದೋ ಹೊಟ್ಟೆ ಉರಿಗೆ ಶುರುವಾಗಿ ಹಾಗೇ ಉಳಿದ ಮಾತ್ರೆ, ಎರಡೆರಡು ಹೆಸರಿನಲ್ಲಿ ಒಂದೇ ಔಷಧ, ಇವೆಲ್ಲ ಸಿಗುತ್ತವೆ. ನಾವು ಹಾಗೆ ಮಾಡಿ ಮಧ್ಯಾಹ್ನದ ಸುತ್ತನ್ನು ಹೆಚ್ಚಿನವರಿಗೆ ನಿಲ್ಲಿಸಿದೆವು. ಅಜ್ಜಿಯರಿಗೂ ಹಗುರವಾಯಿತು.

ಇನ್ನೊಂದು ಮಾತು, ಇದನ್ನು ಮಾತ್ರ ಬಿಟ್ಟುಕೊಡಬೇಡಿ. ಹೊಸಬರನ್ನು ಸೇರಿಸಿಕೊಳ್ಳುವಾಗ ನಿಮ್ಮ ಒಪ್ಪಿಗೆ ಇರಬೇಕು. ನಾಲ್ಕು ಹಾಸಿಗೆ ಖಾಲಿ ಇವೆ ಎಂದಿರಿ. ನಾಳೆ ನಾಲ್ವರು ಹಾಸಿಗೆ ಹಿಡಿದವರು ಬಂದರೆ 14 ಹೋಗಿ 18 ಆಗುತ್ತದೆ. ಹಾಸಿಗೆ ಇದೆಯೇ ಎಂದು ಕೇಳುತ್ತಾರೆ, ಕೈ ಇದೆಯೇ ಎಂದು ಯಾರೂ ಕೇಳುವುದಿಲ್ಲ. ನರ್ಸ್ ಹುದ್ದೆ ತುಂಬುವವರೆಗೆ ನಡೆದಾಡಬಲ್ಲವರನ್ನು ಮಾತ್ರ ಸೇರಿಸಿಕೊಳ್ಳೋಣ ಎಂದು ಬರೆದು ಕೊಡಿ.

ಉತ್ತರ: ಹರಿಹರ, ನರ್ಸಿಂಗ್ ಇನ್‌ಚಾರ್ಜ್ (ಪುರುಷ)

ಅಕ್ಕಾ, ಹಿರಿಯ ಸಿಸ್ಟರ್ ಲೆಕ್ಕ ಕೊಟ್ಟಿದ್ದಾರೆ. ಅದಕ್ಕೆ ನಾನು ಸೇರಿಸಲು ಏನೂ ಇಲ್ಲ. ಫೋನಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ಅದೇ.

ನಮ್ಮಲ್ಲಿ ಇರುವ ಹಿರಿಯರಲ್ಲಿ ಅರ್ಧದಷ್ಟು ಜನರ ಮಕ್ಕಳು ಬೆಂಗಳೂರು ಇಲ್ಲವೇ ಅಮೆರಿಕದಲ್ಲಿದ್ದಾರೆ. ಅಮೆರಿಕದವರ ಬೆಳಗು ನಮ್ಮ ರಾತ್ರಿ. ಒಬ್ಬರಾದ ಮೇಲೆ ಒಬ್ಬರು, ಅಮ್ಮ ಊಟ ಮಾಡಿದರೇ, ಅಪ್ಪನಿಗೆ ಮೋಷನ್ ಆಯಿತೇ ಎಂದು. ದೂರದಲ್ಲಿರುವವರ ಆತಂಕ ನನಗೆ ಅರ್ಥವಾಗುತ್ತದೆ, ನನ್ನ ತಂಗಿಯೂ ಗಲ್ಫ್‌ನಲ್ಲಿದ್ದಾಳೆ. ಆದರೆ ಅವರೆಲ್ಲರ ಬಳಿ ಇದ್ದದ್ದು ನನ್ನ ಸ್ವಂತ ನಂಬರ್. ಕೊನೆಗೆ ಆಡಳಿತದವರಿಂದ ಸಂಸ್ಥೆಗೇ ಒಂದು ಮೊಬೈಲ್ ಕೊಡಿಸಿಕೊಂಡೆ. ಅದು ಡ್ಯೂಟಿ ನರ್ಸ್ ಕೈಯಲ್ಲಿರುತ್ತದೆ, ಪಾಳಿ ಬದಲಾದಾಗ ಔಷಧ ಬೀರುವಿನ ಕೀಲಿಯ ಜತೆ ಅದೂ ಕೈ ಬದಲಾಗುತ್ತದೆ. ನನ್ನ ಜತೆಯೇ ಮಾತನಾಡಬೇಕು ಎನ್ನುವವರಿಗೆ ಭಾನುವಾರ ಬೆಳಿಗ್ಗೆ ಏಳರಿಂದ ಎಂಟು. ಅಮೆರಿಕದಲ್ಲಿ ಅದು ಶನಿವಾರದ ಸಂಜೆ ಅಥವಾ ರಾತ್ರಿ, ಅವರಿಗೂ ಬಿಡುವು. ಮೊದಲ ತಿಂಗಳು ಇಬ್ಬರು ಸಿಟ್ಟಾದರು. ವಾರಕ್ಕೊಮ್ಮೆ ತೂಕ, ಬಿಪಿ, ಒಂದು ಫೋಟೊ ತಾವಾಗಿಯೇ ಬರತೊಡಗಿದ ಮೇಲೆ ಕರೆಗಳು ಕಡಿಮೆಯಾದವು. ಗೊತ್ತಾಗದೆ ಇರುವುದೇ ಅವರನ್ನು ಕಾಡುತ್ತಿತ್ತು.

ರಾತ್ರಿ ಡ್ಯೂಟಿಯ ನರ್ಸ್ ನನಗೆ ಯಾವಾಗ ಫೋನ್ ಮಾಡಬೇಕು ಎಂಬುದನ್ನೂ ಬರೆದು ಗೋಡೆಗೆ ಅಂಟಿಸಿದ್ದೇನೆ. ಬಿದ್ದರೆ, ಉಸಿರಾಟ ಬದಲಾದರೆ, ಪ್ರಜ್ಞೆ ಮಂಕಾದರೆ ಮೊದಲು ವೈದ್ಯರಿಗೆ, ಆಂಬುಲೆನ್ಸ್ ಬೇಕಿದ್ದರೆ 108ಕ್ಕೆ, ನಂತರ ನನಗೆ. ಡಯಾಪರ್ ಮುಗಿಯಿತು ಎಂಬುದಕ್ಕೆ ಬೇಡ. ಹಿಂದೆ ಅದಕ್ಕೂ ಹನ್ನೊಂದು ಗಂಟೆಗೆ ಎದ್ದು ಹೋಗುತ್ತಿದ್ದೆ.

ಆಯಾಗಳ ಬಗ್ಗೆ ಒಂದು ವಿಷಯ. ನಮ್ಮ ಕಡೆ ಅವರ ರಜೆ ಆಕಸ್ಮಿಕವಲ್ಲ, ಮೊದಲೇ ಗೊತ್ತಾಗುತ್ತದೆ. ಚನ್ನಗಿರಿ ಕಡೆಯಿಂದ ಬರುವವರು ಅಡಿಕೆ ಸುಲಿತ ಶುರುವಾದರೆ ಸಿಗುವುದಿಲ್ಲ, ಅಲ್ಲಿ ದಿನಕ್ಕೆ ಹೆಚ್ಚು ದುಡ್ಡು. ದಾವಣಗೆರೆಯವರು ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ವಾರಗಟ್ಟಲೆ ಬಿಡುವು ಕೇಳುತ್ತಾರೆ, ಮನೆ ತುಂಬ ನೆಂಟರಿರುತ್ತಾರೆ. ಯುಗಾದಿ, ದೀಪಾವಳಿ ಇದ್ದದ್ದೇ. ವರ್ಷದ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನಗಳಿಗೆ ಬದಲಿ ಬರುವ ಮೂರು ನಾಲ್ಕು ಜನರ ಪಟ್ಟಿ ಇಟ್ಟುಕೊಂಡಿದ್ದೇನೆ. ಹಬ್ಬದ ದಿನ ಬಂದವರಿಗೆ ಅಂದೇ ಸಂಜೆ ಹೆಚ್ಚುವರಿ ಹಣ ಕೈಗೆ ಕೊಡಿಸುತ್ತೇನೆ. ತಿಂಗಳ ಕೊನೆಗೆ ಎಂದರೆ ಯಾರೂ ಬರುವುದಿಲ್ಲ. ಪಾಳಿ ಬದಲಾವಣೆಯನ್ನೂ ರಾತ್ರಿ ಎಂಟರಿಂದ ಏಳಕ್ಕೆ ತಂದೆವು. ಎಂಟಾದರೆ ಹಳ್ಳಿಯ ಕೊನೆಯ ಬಸ್ ತಪ್ಪುತ್ತಿತ್ತು, ಅದಕ್ಕಾಗಿಯೇ ಇಬ್ಬರು ಒಳ್ಳೆಯ ಆಯಾಗಳು ಬಿಟ್ಟುಹೋಗಿದ್ದರು.

ಉತ್ತರ: ದಾವಣಗೆರೆ, ಆರೈಕೆ ಕೇಂದ್ರದಲ್ಲಿರುವ ಒಬ್ಬರ ಮಗಳು

ನಾನು ನರ್ಸ್ ಅಲ್ಲ. ನನ್ನ ತಾಯಿ ಪಾರ್ಶ್ವವಾಯು ಆಗಿ ಎರಡು ವರ್ಷದಿಂದ ಇಂಥದ್ದೇ ಒಂದು ಕೇಂದ್ರದಲ್ಲಿದ್ದಾರೆ. ರಾತ್ರಿ ಹತ್ತಕ್ಕೆ ಇನ್‌ಚಾರ್ಜ್ ಮೇಡಂಗೆ ಫೋನ್ ಮಾಡುತ್ತಿದ್ದವರಲ್ಲಿ ನಾನೂ ಒಬ್ಬಳು. ಅವರು ಬೆಳಿಗ್ಗೆ ಏಳಕ್ಕೇ ಬಂದಿರುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಓದಿ ತುಂಬಾ ಬೇಸರವಾಯಿತು.

ಸಿಸ್ಟರ್, ಮನೆಯವರಿಂದ ನಿಜ ಮುಚ್ಚಿಡಬೇಡಿ ಎಂದಷ್ಟೇ ಕೇಳುತ್ತೇನೆ. ಇಂದು ಡ್ಯೂಟಿಯಲ್ಲಿ ಯಾರು, ಎಷ್ಟು ಜನ ಎಂದು ಬಾಗಿಲ ಬಳಿ ಒಂದು ಬೋರ್ಡಿನಲ್ಲಿ ಬರೆಸಲು ಸಾಧ್ಯವೇ ನೋಡಿ. ಕೈ ಕಡಿಮೆ ಇದೆ ಎಂದು ತಿಳಿದರೆ ನಾನೇ ಸಂಜೆ ಬಂದು ಅಮ್ಮನಿಗೆ ಊಟ ಮಾಡಿಸುತ್ತೇನೆ. ಶುಲ್ಕ ಸ್ವಲ್ಪ ಹೆಚ್ಚಿಸಿ ರಾತ್ರಿಗೆ ಒಬ್ಬರನ್ನು ಸೇರಿಸುತ್ತೇವೆ ಎಂದರೆ ಒಪ್ಪುವವರಲ್ಲಿ ನಾನು ಮೊದಲಿಗಳು. ಎಲ್ಲರಿಗೂ ಅದು ಆಗದು, ಅದೂ ಗೊತ್ತು.

ಉತ್ತರ: ಹೊಸದುರ್ಗ, ಹಿಂದೆ ಇದೇ ಕೆಲಸದಲ್ಲಿದ್ದವರು

ನಾನು ಬಿಟ್ಟೆ. ಆರು ವರ್ಷ ಮಾಡಿದೆ, ಸೊಂಟದ ಡಿಸ್ಕ್ ಜಾರಿತು, ಮೂರು ವಾರ ಮಲಗಿದೆ. ನಾನಿಲ್ಲದ ಆ ಮೂರು ವಾರಕ್ಕೆ ಇಬ್ಬರನ್ನು ನೇಮಿಸಿದರು. ನಾನಿದ್ದಾಗ ಒಬ್ಬರನ್ನೂ ಕೊಟ್ಟಿರಲಿಲ್ಲ. ಅದು ಮನಸ್ಸಿಗೆ ಬಹಳ ನಾಟಿತು.

ಬಿಡುವುದೇ ಸರಿ ಎಂದು ನಾನು ಹೇಳುತ್ತಿಲ್ಲ. ಆ ಅಜ್ಜಿಯರು ಈಗಲೂ ಕನಸಿನಲ್ಲಿ ಬರುತ್ತಾರೆ. ಆದರೆ ಬಿಡಬೇಕಾಗಿ ಬಂದರೆ ಸಿಟ್ಟಿನಲ್ಲಿ ಬಿಡಬೇಡಿ. ನೋಟಿಸ್ ಅವಧಿ ಮುಗಿಸಿ, ಅನುಭವ ಪ್ರಮಾಣಪತ್ರ ಪಡೆಯಿರಿ, ಪಿಎಫ್ ಖಾತೆ ಸರಿಯಾಗಿದೆಯೇ ನೋಡಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ನವೀಕರಿಸಿಟ್ಟುಕೊಳ್ಳಿ. ನರ್ಸ್ ಸಿಗುತ್ತಿಲ್ಲ ಎಂದು ಆಡಳಿತದವರು ಹೇಳಿದರೆ ಎಷ್ಟು ಸಂಬಳಕ್ಕೆ ಕರೆದಿರಿ ಎಂದು ಕೇಳಿ. ಸುಪ್ರೀಂ ಕೋರ್ಟ್ ಆದೇಶದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು 2016ರಲ್ಲೇ ಶಿಫಾರಸು ಮಾಡಿದೆ. ಅದು ಶಿಫಾರಸು ಮಾತ್ರ, ನಿಜ. ಆದರೂ ಮಾತಿಗೆ ಕೂತಾಗ ಕೈಯಲ್ಲಿರಲಿ. ಕಡಿಮೆ ಸಂಬಳಕ್ಕೆ ಬಂದವಳು ಡಬಲ್ ಡ್ಯೂಟಿ ನೋಡಿ ಎರಡೇ ತಿಂಗಳಿಗೆ ಹೋಗುತ್ತಾಳೆ, ಮತ್ತೆ ಹೊಸಬಳಿಗೆ ಕಲಿಸುವವರು ನೀವೇ.

ಕೇಳಿದವರು, ಹತ್ತು ದಿನಗಳ ನಂತರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಆ ಹದಿನಾಲ್ಕು ಗಂಟೆಯ ಲೆಕ್ಕ ಓದಿದ ರಾತ್ರಿ ಅಳು ಬಂತು. ನಾಲ್ಕು ತಿಂಗಳಿಂದ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಏಳು ರಾತ್ರಿ ಮಗ್ಗುಲು ಬದಲಿಸಿದ್ದರ ಲೆಕ್ಕ ಇಡಿಸಿದೆ. ಮೊದಲೇ ಆಯಾಗಳನ್ನು ಕೂರಿಸಿಕೊಂಡು, ಇದು ನಿಮ್ಮ ತಪ್ಪು ಹುಡುಕಲು ಅಲ್ಲ, ಮಾಡಿದ್ದನ್ನು ಮಾತ್ರ ಬರೆಯಿರಿ, ಮಾಡದಿದ್ದರೆ ಖಾಲಿ ಬಿಡಿ ಎಂದೆ. ಇಷ್ಟು ದಿನ ಚಾರ್ಟಿನಲ್ಲಿ ಎಲ್ಲ ಮನೆಗಳಲ್ಲೂ ಟಿಕ್ ಇರುತ್ತಿತ್ತು. ಈಗ 84ರಲ್ಲಿ ಸರಾಸರಿ 47 ಬಂದಿದೆ. ಅವರಲ್ಲಿ ಒಬ್ಬಾಕೆ, ಐವತ್ತು ದಾಟಿದವರು, ಖಾಲಿ ಮನೆ ಬಿಡಲು ನಮಗೂ ಧೈರ್ಯ ಬಂತು ಸಿಸ್ಟರ್ ಎಂದರು. ವೈದ್ಯರು ಐದು ಜನರಿಗೆ ನಾಲ್ಕು ಗಂಟೆಯ ಅವಧಿ ಬರೆದುಕೊಟ್ಟಿದ್ದಾರೆ. ಸಂಸ್ಥೆಯ ಮೊಬೈಲ್ ನಿನ್ನೆ ಬಂತು. ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ, ಸೋಮವಾರ ಸಭೆ ಕರೆದಿದ್ದಾರೆ.

ಒಂದೇ ಪ್ರಶ್ನೆ ಉಳಿದಿದೆ, ಹಿರಿಯ ಸಿಸ್ಟರ್ ಹೇಳಬೇಕು. ಸದ್ಯಕ್ಕೆ ಒಬ್ಬರನ್ನು ಮಾತ್ರ ಕೊಡುತ್ತೇವೆ ಎಂದರೆ ಯಾರನ್ನು ಕೇಳಲಿ? ನರ್ಸ್ ಬಂದರೆ ನನ್ನ ಹೊರೆ ಇಳಿಯುತ್ತದೆ.

ಉತ್ತರ: ಚಿತ್ರದುರ್ಗ, ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್

ಈ ವಾರವೇ ರಾತ್ರಿಗೆ ಮೂರನೆಯ ಆಯಾ ಕೇಳಿ. ಆಯಾ ನಾಳೆಯೇ ಸಿಗುತ್ತಾಳೆ, ಹುಣ್ಣು ನಾಳೆಯಿಂದಲೇ ನಿಲ್ಲಬೇಕು. ಮೂವರಿದ್ದರೆ ಇಬ್ಬರು ಮಗ್ಗುಲು ಬದಲಿಸುವಾಗ ಒಬ್ಬಳು ಉಳಿದವರ ಬೆಲ್‌ಗೆ ಹೋಗಬಹುದು, ರಾತ್ರಿ ನರ್ಸ್ ಔಷಧ ಬಿಟ್ಟು ಓಡಬೇಕಾಗಿಲ್ಲ. ನರ್ಸ್ ಹುದ್ದೆಯನ್ನು ಬಿಡಬೇಡಿ, ಅದಕ್ಕೆ ತಾರೀಖು ಹಾಕಿಸಿ, ಸಭೆಯ ನಡಾವಳಿಯಲ್ಲಿ ಬರೆಸಿ. ಆ ತಾರೀಖಿನವರೆಗೆ ನೀವು ಎಷ್ಟು ಪಾಳಿ ತುಂಬುತ್ತೀರಿ ಎಂಬುದನ್ನೂ ಅದರಲ್ಲೇ ಬರೆಯಿರಿ. ವಾರಕ್ಕೆ ಒಂದು, ಅದಕ್ಕಿಂತ ಹೆಚ್ಚಿಲ್ಲ. ಮತ್ತು ಈ ಭಾನುವಾರ ಹೋಗಬೇಡಿ. ಸೋಮವಾರ ನಿದ್ದೆ ಮಾಡಿ ಎದ್ದ ಮುಖದಲ್ಲಿ ಆ ಸಭೆಗೆ ಕೂರಬೇಕು.